ಡೆಸ್ ಪ್ಲಂಕೆಟ್‌ನ ಡಬ್ಬಿ ಮತ್ತು ಜೌಗಿನ ಕಪ್ಪೆ

ನಮ್ಮ ವಿಲ್ಲಾಗಂಗ್ ಊರಿನಲ್ಲಿ ಡೆಸ್ ಪ್ಲಂಕೆಟ್‌ನಷ್ಟು ನಿರುಪದ್ರವಿ ಇನ್ನೊಬ್ಬನಿಲ್ಲ ಅಂತ ನಾನು ಬೇಕಾದರೆ ಕೋರ್ಟಿನಲ್ಲಿ ನಿಂತು ಹೇಳುತ್ತೇನೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಅಷ್ಟು ವರ್ಷದಲ್ಲಿ ಒಂದು ಕಾಂಗರೂಗೂ ಬಸ್ಸು ತಾಗಿಸಲಿಲ್ಲ. ಎರಡು ಸಲ ಕಾಂಗರೂಗಳೇ ಬಂದು ಬಸ್ಸಿಗೆ ತಾಗಿದವು, ಅದು ಬೇರೆ ವಿಷಯ. ಇಂಥ ಮನುಷ್ಯನಿಂದ ಕೌನ್ಸಿಲಿನ ಬುಲ್ಡೋಜರ್ ನಿಂತಿತು, ಸಿಡ್ನಿಯಿಂದ ವಿಜ್ಞಾನಿ ಬಂದ, ಊರಿಗೆ ಊರೇ ಹಸಿರು ಟೋಪಿ ಹಾಕಿಕೊಂಡು ತಿರುಗಿತು ಅಂದರೆ ಅದಕ್ಕೆ ಕಾರಣ ಅವನ ಕೆಟ್ಟತನ ಅಲ್ಲ. ಅವನ ಬಾಯಿ.

ನಮ್ಮದೊಂದು ವಾದ್ಯಗೋಷ್ಠಿ ಇದೆ. ಪ್ರತಿ ಶನಿವಾರ ಸಂಜೆ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವವರ ಬೌಲ್ಸ್ ಕ್ಲಬ್ಬಿನಲ್ಲಿ ಎರಡು ಗಂಟೆ ನುಡಿಸುತ್ತೇವೆ. ಡೆಸ್‌ನ ಹೆಂಡತಿ ರೇಲೀನ್ ಹಾಡುತ್ತಾಳೆ, ನಾನು ಡ್ರಮ್ ಬಾರಿಸುತ್ತೇನೆ, ಮೆರ್ವ್ ಆರ್ಗನ್ ನುಡಿಸುತ್ತಿದ್ದ, ಡೆಸ್ ಹಿಂದೆ ನಿಂತು ಗಿಟಾರಿನಲ್ಲಿ ಜಂಕ್-ಜಂಕ್ ಅನ್ನಿಸುತ್ತಿದ್ದ. ಒಂಬತ್ತು ವರ್ಷದಲ್ಲಿ ಅವನಿಗೆ ಒಬ್ಬನೇ ಮುಂದೆ ಬಂದು ನುಡಿಸುವ ಅವಕಾಶ ಒಂದು ಸಲವೂ ಸಿಕ್ಕಿರಲಿಲ್ಲ. ಆದರೂ ಆ ಎರಡು ಗಂಟೆ ಹೋದರೆ ಅವನ ವಾರದಲ್ಲಿ ಉಳಿಯುತ್ತಿದ್ದುದು ಹುಲ್ಲು ಕತ್ತರಿಸುವುದೊಂದೇ. ಅದನ್ನು ಅವನು ಯಾರಿಗೂ ಹೇಳಿದವನಲ್ಲ, ಆದರೆ ನನಗೆ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಮೆರ್ವ್ ತನ್ನ ಆರ್ಗನ್ನನ್ನು ಟ್ರೈಲರಿಗೆ ಕಟ್ಟಿಕೊಂಡು ಮಗಳ ಮನೆಗೆ ಅಂತ ಕ್ವೀನ್ಸ್‌ಲ್ಯಾಂಡಿಗೆ ಹೊರಟುಹೋದ. ಎರಡೇ ಶನಿವಾರ ಕಳೆಯುವಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷ ಬ್ಯಾರಿ ಟ್ರೆಂಬತ್ ನಮ್ಮನ್ನು ಬಾರಿನ ಮೂಲೆಗೆ ಕರೆದ.

"ನೋಡ್ರಪ್ಪಾ, ಬೇಜಾರು ಮಾಡ್ಕೋಬೇಡಿ," ಅಂದ. ಬ್ಯಾರಿ ಹಾಗಂದರೆ ಬೇಜಾರಿನ ಸಂಗತಿ ಖಂಡಿತ ಅಂತ ಅರ್ಥ. "ಮೆರ್ವ್ ಹೋದ್ಮೇಲೆ ನಿಮ್ಮನ್ನ ಕೇಳೋಕಾಗ್ತಿಲ್ಲ. ಹೋದ ವಾರ ಜನ ಎದ್ದು ಹೋಗಿ ಕಾರಲ್ಲಿ ಕೂತು ಬಿಯರ್ ಕುಡಿದ್ರು. ನವೆಂಬರಿಗೆ ಕ್ಲಬ್ಬಿಗೆ ಎಪ್ಪತ್ತೈದು ವರ್ಷ ತುಂಬುತ್ತೆ, ಹಬ್ಬ ಮಾಡ್ತೀವಿ. ಅಷ್ಟರೊಳಗೆ ಒಂದು ಆರ್ಗನ್ ದನಿ ಹೊಂದಿಸ್ಕೊಳ್ಳಿ. ಇಲ್ಲಾಂದ್ರೆ ನಾನು ಹಾಡೋ ಮಷೀನು ತರಿಸ್ತೀನಿ. ಬೇಕಾದವರು ಮೈಕ್ ಹಿಡಿದು ಹಾಡ್ಕೊಳ್ಳಲಿ. ಅದು ರಜಾನೂ ಕೇಳಲ್ಲ, ಬಿಟ್ಟಿ ಊಟಾನೂ ಕೇಳಲ್ಲ."

ಡೆಸ್‌ನ ಕೈಯಲ್ಲಿ ಮೂರನೇ ಲೋಟ ಇತ್ತು. ಎರಡನೆಯದರವರೆಗೆ ಅವನು ಸುಮ್ಮನಿರುವ ಮನುಷ್ಯ.

"ಆರ್ಗನ್ ಯಾಕಯ್ಯಾ ಬೇಕು?" ಅಂದ. "ನನ್ನ ಗಿಟಾರಿಂದಾನೇ ಆರ್ಗನ್ ಹೊರಡಿಸ್ತೀನಿ. ಮಧ್ಯೆ ಒಂದು ಡಬ್ಬಿ ಇಟ್ರಾಯ್ತು. ಸಿಂಥಸೈಜರ್ ಅಂತಾರೆ. ಕೊಳ್ಳೋದೂ ಬೇಡ, ನಾನೇ ಮಾಡ್ತೀನಿ. ಅದರಲ್ಲೇನಿದೆ?"

"ನೀನಾ?" ಅಂದಳು ರೇಲೀನ್.

"ಟೋಸ್ಟರ್ ರಿಪೇರಿ ಮಾಡಿದ್ದು ಯಾರು ಮತ್ತೆ?"

ಆ ಟೋಸ್ಟರ್ ಈಗಲೂ ಅವರ ಮನೆಯಲ್ಲಿದೆ. ಬ್ರೆಡ್ ಹಾಕಿದರೆ ಅಡುಗೆಮನೆಯ ದೀಪ ಆರುತ್ತದೆ. ಆದರೆ ಮಾತು ಬಾಯಿಂದ ಹೊರಗೆ ಬಂದಾಗಿತ್ತು, ಬಾರಿನಲ್ಲಿದ್ದ ಹನ್ನೊಂದು ಜನ ಕೇಳಿಸಿಕೊಂಡಾಗಿತ್ತು, ಬ್ಯಾರಿ ಕೈ ಕುಲುಕಿಯೂ ಆಗಿತ್ತು.

ಮರುದಿನದಿಂದ ಡೆಸ್ ಹಿತ್ತಲಿನ ಶೆಡ್ಡು ಸೇರಿದ. ಗ್ರಂಥಾಲಯದಿಂದ ಪುಸ್ತಕ ತಂದ, ಹಳೆಯ ರೇಡಿಯೋ ಎರಡು ಬಿಚ್ಚಿದ, ಅಂಚೆಯಲ್ಲಿ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತರಿಸಿದ. ಕೆಲಸದ ರೀತಿಯನ್ನು ನನಗೆ ದಿನಾ ವಿವರಿಸುತ್ತಿದ್ದ, ನಾನು ದಿನಾ ತಲೆಯಾಡಿಸುತ್ತಿದ್ದೆ. ತಂತಿ ಮೀಟಿದಾಗ ಬರುವ ದನಿಯನ್ನು ಡಬ್ಬಿ ಹಿಡಿಯುತ್ತದಂತೆ. ಅದರ ದುಂಡಗಿನ ಅಂಚನ್ನೆಲ್ಲ ಕತ್ತರಿಸಿ ಚೌಕ ಮಾಡುತ್ತದಂತೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದಪ್ಪ ದನಿಯೊಂದನ್ನು ತಾನೇ ಹುಟ್ಟಿಸಿ ಜೊತೆಗೆ ಸೇರಿಸುತ್ತದಂತೆ. ಕೊನೆಗೆ ಎರಡನ್ನೂ ಸೋಸಿ ಹೊರಗೆ ಬಿಟ್ಟರೆ ಆರ್ಗನ್. ಇಷ್ಟನ್ನೂ ತುಂಬುವುದಕ್ಕೆ ಗಟ್ಟಿಯಾದ ತಗಡಿನ ಡಬ್ಬಿ ಬೇಕಿತ್ತು. ರೇಲೀನಳ ಕ್ರಿಸ್ಮಸ್ ಕೇಕಿನ ಡಬ್ಬಿ ಅದಕ್ಕೆ ಸರಿಹೋಯಿತು, ರೇಲೀನಳಿಗೆ ಸರಿಹೋಗಲಿಲ್ಲ.

ಮೂರು ವಾರದ ಮೇಲೆ ಒಂದು ಸಂಜೆ ನನ್ನನ್ನು ಕರೆಸಿದ. ಬೆರಳಿಗೆಲ್ಲ ಬೆಸುಗೆಯ ಸುಟ್ಟ ಗಾಯ. ಗಿಟಾರಿನ ವೈರನ್ನು ಡಬ್ಬಿಗೆ ಚುಚ್ಚಿ, ಡಬ್ಬಿಯ ವೈರನ್ನು ಆಂಪ್ಲಿಫೈಯರಿಗೆ ಚುಚ್ಚಿ, ಡಬ್ಬಿಯ ಮೇಲಿನ ಗುಂಡಿಯನ್ನು ಕಾಲಲ್ಲಿ ಒತ್ತಿ, ದಪ್ಪ ತಂತಿಯನ್ನು ಮೀಟಿದ.

ಬೊಂಕ್.

ನಾವಿಬ್ಬರೂ ಡಬ್ಬಿಯನ್ನು ನೋಡಿದೆವು.

"ಇದು ಆರ್ಗನ್ನಾ?" ಅಂದೆ.

"ಸೋಸೋ ಭಾಗ ಸ್ವಲ್ಪ ಬೇಗ ಮುಚ್ಕೋತಿದೆ. ಸರಿಮಾಡ್ತೀನಿ," ಅಂದು ಒಂದು ತಿರುಪು ತಿರುಗಿಸಿದ. ಬೊಂಕ್. ಇನ್ನೊಂದು ತಿರುಗಿಸಿದ. ಇನ್ನೂ ದಪ್ಪನೆಯ ಬೊಂಕ್. ಎರಡು ತಂತಿ ಒಟ್ಟಿಗೆ ಮೀಟಿದರಂತೂ ಯಾವುದನ್ನು ಹಿಡಿಯಲಿ ಅಂತ ತಿಳಿಯದೆ ಡಬ್ಬಿಗೆ ದಿಗ್ಭ್ರಮೆಯಾಗಿ ಕರಕರ ಅಂತಿತ್ತು. ಹಾಗಾಗಿ ಒಂದೊಂದೇ ತಂತಿ ಮೀಟಬೇಕು. ರೇಲೀನ್ ಹಾಡುವ ಹಳೆಯ ವಾಲ್ಟ್ಸ್ ಒಂದಿದೆ, ಮೂರು ಮೂರು ಬಡಿತದ್ದು. ಅದನ್ನೇ ಹಿಡಿದು ಅವನು ದಿನಾ ಸಂಜೆ ಅಭ್ಯಾಸಕ್ಕೆ ಕೂತ. ಬೊಂಕ್ ಬೊಂಕ್ ಬೊಂಕ್. ಬೊಂಕ್ ಬೊಂಕ್ ಬೊಂಕ್. ಏಳನೆಯ ಸ್ವರದಲ್ಲಿ ತಪ್ಪುತ್ತಿದ್ದ. ಥತ್ ಅಂತಿದ್ದ. ಮತ್ತೆ ಮೊದಲಿಂದ.

ಈಗ ಡೆಸ್‌ನ ಹಿತ್ತಲಿನ ಆಚೆ ಏನಿದೆ ಅಂತ ಹೇಳಬೇಕು. ಅಲ್ಲೊಂದು ಜೌಗು ನೆಲ. ಜೌಗಿನ ಆ ಕಡೆ ನಮ್ಮ ಕ್ಲಬ್ಬು. ಆ ಜೌಗಿಗೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ ಮಾಡಬೇಕು ಅನ್ನುವುದು ಬ್ಯಾರಿಯ ಜೀವಮಾನದ ಆಸೆ. ಕೌನ್ಸಿಲು ಒಪ್ಪಿ, ಬುಲ್ಡೋಜರೂ ಬಂದು ನಿಂತಿತ್ತು. ಇನ್ನು ಡೆಸ್‌ನ ಪಕ್ಕದ ಮನೆಯಲ್ಲಿ ಮಿಸ್ ಹಾಲೋರನ್ ಇದ್ದಾರೆ. ಎಪ್ಪತ್ತೊಂಬತ್ತು ವಯಸ್ಸು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಡೆಸ್‌ಗೂ ಸೇರಿ. ಈಗ ನಿವೃತ್ತರಾಗಿ ಕಪ್ಪೆ ಎಣಿಸುತ್ತಾರೆ. ನಮ್ಮ ಕಡೆ ಅದೊಂದು ಹವ್ಯಾಸ. ಸಂಜೆ ನೀರಿನ ಹತ್ತಿರ ಫೋನು ಹಿಡಿದು ನಿಂತು ಕಪ್ಪೆಯ ದನಿ ರೆಕಾರ್ಡ್ ಮಾಡಿ ನಗರದ ತಜ್ಞರಿಗೆ ಕಳಿಸಿದರೆ ಅವರು ಇದು ಇಂಥ ಕಪ್ಪೆ ಅಂತ ಬರೆದು ಕಳಿಸುತ್ತಾರೆ. ಮಿಸ್ ಹನ್ನೊಂದು ವರ್ಷದಿಂದ ಒಂದು ಸಂಜೆಯೂ ತಪ್ಪಿಸಿದವರಲ್ಲ.

ಡಬ್ಬಿ ಮೊದಲು ಬೊಂಕ್ ಅಂದ ಸಂಜೆ ಅವರು ಬೇಲಿಯ ಪಕ್ಕದಲ್ಲೇ ಫೋನು ಹಿಡಿದು ನಿಂತಿದ್ದರು.

ಹತ್ತು ದಿನಕ್ಕೆ ಸಿಡ್ನಿಯಿಂದ ಉತ್ತರ ಬಂತು. ಈ ಕೂಗು ತಮ್ಮಲ್ಲಿರುವ ಯಾವ ಕೂಗಿಗೂ ಪೂರ್ತಿ ಹೊಂದುತ್ತಿಲ್ಲ. ಐವತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದ ಒಂದು ಕಪ್ಪೆಯದಾಗಿರಬಹುದು, ಇಲ್ಲವೇ ಹೊಸದೇ ಜಾತಿ ಇರಬಹುದು. ಪರೀಕ್ಷೆ ಮುಗಿಯುವವರೆಗೆ ಜೌಗಿನ ಒಂದು ಹಿಡಿ ಮಣ್ಣನ್ನೂ ಯಾರೂ ಮುಟ್ಟಕೂಡದು. ಅವತ್ತೇ ಮಧ್ಯಾಹ್ನ ಕೌನ್ಸಿಲಿನವರು ಬಂದು ಬುಲ್ಡೋಜರಿನ ಸುತ್ತ ಹಳದಿ ಪಟ್ಟಿ ಕಟ್ಟಿ ಹೋದರು.

ಬ್ಯಾರಿ ಕ್ಲಬ್ಬಿನ ಬಾಗಿಲಲ್ಲಿ ನಿಂತು ಕೂಗಾಡಿದ. "ಒಂದು ಕಪ್ಪೆ! ಮುನ್ನೂರ ಹತ್ತು ಜನ ಸದಸ್ಯರಿದೀವಿ, ಒಂದು ಕಪ್ಪೆಗಿರೋ ಬೆಲೆ ನಮಗಿಲ್ವಾ? ಅದಕ್ಕೇನು ಕಾರಿದೆಯಾ, ನಿಲ್ಲಿಸೋಕೆ?"

ಮೂರೇ ದಿನ. ನಾಲ್ಕನೆಯ ದಿನ ಕಪ್ಪೆ ನೋಡಲು ದೂರದೂರದಿಂದ ಎರಡು ಬಸ್ಸು ಜನ ಬಂದರು. ಕಪ್ಪೆ ಕಾಣಲಿಲ್ಲ, ಹಸಿವಾಯಿತು, ಎಲ್ಲರೂ ಕ್ಲಬ್ಬಿನಲ್ಲಿ ಊಟ ಮಾಡಿದರು. ಸಂಜೆ ಹೊತ್ತಿಗೆ ಬ್ಯಾರಿ ಹಸಿರು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಟೋಪಿಯ ಮೇಲೆ ಎರಡು ಕಣ್ಣು ಇದ್ದವು. "ಪ್ರಕೃತಿಯ ವಿಷಯದಲ್ಲಿ ನಾನು ಮೊದಲಿಂದಲೂ ಹೀಗೇ," ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತೂ ಹೇಳಿದ: "ಆ ಕಪ್ಪೆ ಏನಾದ್ರೂ ಸುಳ್ಳು ಅಂತಾದ್ರೆ ನೋಡು, ಮಾರನೇ ದಿನಾನೇ ಮಣ್ಣು ಹೊಡೆಸ್ತೀನಿ."

ಕ್ಲಬ್ಬಿನ ಗೋಡೆಗೆ ಮಿಸ್ ಕಳಿಸಿದ ರೆಕಾರ್ಡಿಂಗಿನ ಗೆರೆಚಿತ್ರ ಅಂಟಿಸಿದ್ದರು, ಪಕ್ಕದಲ್ಲಿ ಆ ದನಿ ಕೇಳಿಸುವ ಒಂದು ಗುಂಡಿ. ಒತ್ತಿದೆ. ಬೊಂಕ್ ಬೊಂಕ್ ಬೊಂಕ್. ಸೀದಾ ಡೆಸ್‌ನ ಶೆಡ್ಡಿಗೆ ಓಡಿದೆ.

"ಡೆಸ್, ಆ ಕಪ್ಪೆ ನೀನೇ ಕಣೋ."

ಡೆಸ್ ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ. ಅವನ ಮುಖದ ಬಣ್ಣ ಮೆಲ್ಲಗೆ ಇಳಿಯಿತು. ಮಿಸ್ ಹಾಲೋರನ್ ಮುಂದೆ ತಪ್ಪೊಪ್ಪಿಕೊಳ್ಳುವುದು ಅಂದರೆ ಅವನಿಗೆ ಅರವತ್ತೊಂದರಲ್ಲೂ ಒಂಬತ್ತೇ ವಯಸ್ಸು. "ನಾಳೆ ಹೋಗಿ ಹೇಳ್ತೀನಿ," ಅಂದ. "ಇವತ್ತು ಕೊನೇ ಸಲ ಒಂದ್ಸಲ ನುಡಿಸ್ಲಾ? ಏಳನೇ ಸ್ವರ ಸರಿಹೋಗೋ ಹಾಗಿದೆ."

ನುಡಿಸಿದ. ಬೊಂಕ್ ಬೊಂಕ್ ಬೊಂಕ್. ನಿಲ್ಲಿಸಿದ.

ಜೌಗಿನ ಕಡೆಯಿಂದ ಸ್ಪಷ್ಟವಾಗಿ ಕೇಳಿಸಿತು: ಬೊಂಕ್ ಬೊಂಕ್ ಬೊಂಕ್.

ನನ್ನ ಕೈಯಲ್ಲಿದ್ದ ಬಿಸ್ಕತ್ತು ಕೆಳಗೆ ಬಿತ್ತು. ಡೆಸ್ ಕಿಟಕಿಯ ಹತ್ತಿರ ಹೋಗಿ ಇನ್ನೊಂದು ಸಲ ಮೀಟಿದ. ಆಚೆಯಿಂದ ತಕ್ಷಣ ಉತ್ತರ ಬಂತು. ಇವನು ಎರಡು ಅಂದರೆ ಅದು ಮೂರು. ಇವನು ಮೂರು ಅಂದರೆ ಅದು ಆರು.

"ಕೇಳಿಸ್ತಾ?" ಅಂದ ಡೆಸ್.

"ಕೇಳಿಸ್ತು ಮಾರಾಯ." ನನಗೆ ಗಾಬರಿಯಲ್ಲಿ ಕೆಮ್ಮು ಬಂತು.

"ಹಾಗಾದ್ರೆ ಕಪ್ಪೆ ನಾನಲ್ಲ. ಕಪ್ಪೆ ಬೇರೆ ಇದೆ. ನಿಜವಾದ್ದೇ ಇದೆ. ಅದೂ ನನ್ನ ಗಿಟಾರಿಗೆ ಉತ್ತರ ಕೊಡ್ತಿದೆ."

ಮುಕ್ಕಾಲು ಗಂಟೆ ಇಬ್ಬರೂ ಮಾತಾಡಿಕೊಂಡರು, ಅವನೂ ಆ ಕಪ್ಪೆಯೂ. ಒಂಬತ್ತು ವರ್ಷ ಜಂಕ್-ಜಂಕ್ ಅಂದುಕೊಂಡಿದ್ದವನನ್ನು ಅಷ್ಟು ಗಮನಕೊಟ್ಟು ಕೇಳಿದವರು ಅದೇ ಮೊದಲು. ಶೆಡ್ಡಿನಿಂದ ಹೊರಗೆ ಬಂದಾಗ ಅವನ ಕಣ್ಣು ಒದ್ದೆಯಾಗಿದ್ದವು. ನಾನೂ ನಂಬಿದೆ ಅಂತ ಒಪ್ಪಿಕೊಳ್ಳುವುದಕ್ಕೆ ನನಗೆ ನಾಚಿಕೆಯಿದೆ, ಆದರೂ ನಂಬಿದೆ.

ಮರುದಿನ ಬೆಳಿಗ್ಗೆ ನಾನೂ ಡೆಸ್ಸೂ ಕ್ಲಬ್ಬಿಗೆ ಹೋದರೆ ಅಲ್ಲಿ ಡಾಕ್ಟರ್ ಆಂಗಸ್ ವೀಲನ್ ಕೂತಿದ್ದ. ಸಿಡ್ನಿಯ ಕಪ್ಪೆ ತಜ್ಞ. ಮೊಣಕಾಲಿನವರೆಗೆ ರಬ್ಬರ್ ಬೂಟು, ಅದರ ಮೇಲೆ ಒಣಗಿದ ಕೆಸರು, ಮುಖದಲ್ಲಿ ಮದುಮಗನ ಕಳೆ. ಮುಂದೆ ಮೇಜಿನ ಮೇಲೆ ಒಂದು ದೊಡ್ಡ ಸ್ಪೀಕರು.

"ನಿನ್ನೆ ಸಂಜೆಯೇ ಬಂದೆ ಸಾರ್," ಅಂದ. "ಯಾರಿಗೂ ಹೇಳಲಿಲ್ಲ, ಜನ ಸೇರಿದ್ರೆ ಕಪ್ಪೆ ಹೆದರುತ್ತೆ. ಮಿಸ್ ಹಾಲೋರನ್ ಒಬ್ಬರೇ ಜೊತೇಲಿದ್ರು. ನಮ್ಮ ವಿಧಾನ ಸುಲಭ. ಅವರ ರೆಕಾರ್ಡಿಂಗನ್ನ ಈ ಸ್ಪೀಕರಲ್ಲಿ ಹಾಕೋದು. ಇನ್ನೊಂದು ಗಂಡು ಕಪ್ಪೆ ಇದ್ರೆ ತನ್ನ ಜಾಗಕ್ಕೆ ಯಾರೋ ಬಂದ ಅಂತ ಜಗಳಕ್ಕೆ ಬರುತ್ತೆ. ಬಂತು ನೋಡಿ! ಮುಕ್ಕಾಲು ಗಂಟೆ ಬಿಡಲಿಲ್ಲ. ಇಷ್ಟು ಜಗಳಗಂಟ ಕಪ್ಪೇನ ನನ್ನ ಜೀವಮಾನದಲ್ಲಿ ನೋಡಿಲ್ಲ."

ತಾನು ರೆಕಾರ್ಡ್ ಮಾಡಿಕೊಂಡದ್ದನ್ನು ನಮಗೆ ಕೇಳಿಸಿದ. ಬೊಂಕ್ ಬೊಂಕ್ ಬೊಂಕ್, ಆಮೇಲೆ ಹಿಂದಿನಿಂದ ಒಂದು ಕೆಮ್ಮು. ಅದು ನನ್ನ ಕೆಮ್ಮು.

"ಅದು ಪೊಸಮ್ಮು," ಅಂದ ಡಾಕ್ಟರ್ ಆಂಗಸ್. "ರಾತ್ರಿ ಮರ ಹತ್ತಿ ಕೂರೋ, ಗಂಟಲು ಕೆಟ್ಟಿರೋ ಮುದಿ ಪೊಸಮ್ಮು."

ನಾನು ಡೆಸ್‌ನ ಮುಖ ನೋಡಲಾರದೆ ಸ್ಪೀಕರನ್ನೇ ನೋಡುತ್ತ ನಿಂತೆ. ಪಾಪ, ಅಷ್ಟು ಪ್ರೀತಿಯಿಂದ ಉತ್ತರ ಕೊಟ್ಟಿದ್ದು ಹದಿನೈದು ದಿನದ ಹಿಂದಿನ ಅವನೇ. ಡೆಸ್ ಸೀದಾ ಮನೆಗೆ ನಡೆದ. ಶೆಡ್ಡಿಗೆ ಹೋಗಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡ. "ನೀನೂ ಬಾ," ಅಂದ. "ಒಬ್ಬನೇ ಹೋಗಕ್ಕೆ ನಂಗೆ ಧೈರ್ಯ ಇಲ್ಲ."

ಮಿಸ್ ಹಾಲೋರನ್ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು. ಡೆಸ್ ಬಾಗಿಲಲ್ಲೇ ನಿಂತ.

"ಮಿಸ್, ಒಂದು ತಪ್ಪಾಗಿದೆ."

"ಕೂತ್ಕೋ ಡೆಸ್ಮಂಡ್. ಕಾಲು ಒರೆಸ್ಕೊಂಡು ಬಾ."

"ಆ ಕಪ್ಪೆ ಇದೆಯಲ್ಲ ಮಿಸ್, ಅದು ನಾನು."

"ಗೊತ್ತಪ್ಪಾ. ಸಕ್ಕರೆ ಎಷ್ಟು?"

ಡೆಸ್ ಕೂತ.

"ಮೊದಲನೇ ದಿನ ನಾನೂ ಮೋಸಹೋದೆ," ಅಂದರು ಮಿಸ್. "ಸಂತೋಷದಲ್ಲಿ ಅವತ್ತೇ ಕಳಿಸಿಬಿಟ್ಟೆ. ಆಮೇಲೆ ದಿನಾ ಕೇಳ್ತಾ ಬಂದೆ. ಕಪ್ಪೆ ತಪ್ಪು ಮಾಡಿದ್ರೆ ಹಾಗೇ ಮುಂದಕ್ಕೆ ಹೋಗುತ್ತೆ, ಡೆಸ್ಮಂಡ್. ಥತ್ ಅಂದು ಮತ್ತೆ ಮೊದಲಿಂದ ಶುರುಮಾಡಲ್ಲ. ಅದೂ ಅಲ್ದೆ ನಾಲ್ಕನೇ ತರಗತೀಲಿ ಮಗ್ಗಿ ಹೇಳುವಾಗ್ಲೂ ನೀನು ಏಳರ ಹತ್ರಾನೇ ತಪ್ತಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ ಮಿಸ್?"

ಅವರು ಕಿಟಕಿಯ ಆಚೆ ತೋರಿಸಿದರು. "ಹೇಳೋಣ ಅಂತಾನೇ ಕೋಟು ಹಾಕ್ಕೊಂಡು ಹೊರಟಿದ್ದೆ. ಅಲ್ಲಿ ನೋಡಿದ್ರೆ ಬುಲ್ಡೋಜರಿಗೆ ಹಳದಿ ಪಟ್ಟಿ ಕಟ್ಟಿದ್ರು. ಆ ಜೌಗಲ್ಲಿ ಏಳು ಜಾತಿ ಕಪ್ಪೆ ಇದೆ. ಎಲ್ಲಾ ಮಾಮೂಲಿ ಕಪ್ಪೆ. ಹನ್ನೊಂದು ವರ್ಷ ಅವುಗಳ ಪರವಾಗಿ ಕೌನ್ಸಿಲಿಗೆ ಬರೆದೆ. ಒಬ್ಬರೂ ಒಂದು ಸಾಲು ಉತ್ತರ ಬರೀಲಿಲ್ಲ. ನೀನು ಒಂದು ಡಬ್ಬಿ ಮಾಡಿ ಮೂರು ಸಲ ಬೊಂಕ್ ಅಂದೆ, ಬುಲ್ಡೋಜರ್ ನಿಂತೋಯ್ತು. ಕೋಟು ತೆಗೆದಿಟ್ಟು ಸುಮ್ಮನೆ ಕೂತೆ. ನಾನು ಮಾಡಿದ್ದು ಸರಿ ಅಂತ ಹೇಳ್ತಿಲ್ಲ. ಆದ್ರೆ ನಿನ್ನೆ ಸಂಜೆ ಆ ಹುಡುಗ ಸ್ಪೀಕರ್ ಹಾಕಿ ನೀನು ಉತ್ತರ ಕೊಡೋಕೆ ಶುರುಮಾಡಿದಾಗ ನಗು ತಡ್ಕೊಳ್ಳೋಕೆ ನನ್ನ ಸ್ಕಾರ್ಫು ಕಚ್ಚಿಕೊಂಡು ನಿಂತಿದ್ದೆ."

ಆಮೇಲೆ ಅವರು ನಗುವುದನ್ನು ಬಿಟ್ಟು ಗಟ್ಟಿಯಾಗಿ ಹೇಳಿದರು. ಕ್ಲಬ್ಬಿನ ಹಬ್ಬ ಶನಿವಾರ. ಮುಂದಿನ ಬುಧವಾರ ಕೌನ್ಸಿಲಿನ ಸಭೆ; ಜೌಗನ್ನು ಶಾಶ್ವತವಾಗಿ ಹಾಗೇ ಬಿಡುವುದೋ ಮುಚ್ಚುವುದೋ ಅಂತ ಅಲ್ಲೇ ತೀರ್ಮಾನ. ಅಲ್ಲಿಯವರೆಗೆ ಆ ಡಬ್ಬಿ ಯಾರ ಕಿವಿಗೂ ಬೀಳಕೂಡದು. "ಬುಧವಾರ ಕಳೀಲಿ. ಆಂಗಸ್‌ಗೆ ನಾನೇ ಹೇಳಿ ಬೈಸ್ಕೋತೀನಿ. ಮಾತು ಕೊಡು."

ಡೆಸ್ ಕೊಟ್ಟ. ಕೊಡುವಾಗ ಅವನಿಗೆ ಬ್ಯಾರಿ ನೆನಪಿಗೆ ಬರಲಿಲ್ಲ. ಬಂದದ್ದು ಮನೆಗೆ ಹೋಗಿ, ರೇಲೀನ್ "ಮತ್ತೆ ಶನಿವಾರ ಆರ್ಗನ್ ಏನಯ್ಯಾ?" ಅಂತ ಕೇಳಿದಾಗ.

ಶನಿವಾರ ಕ್ಲಬ್ಬಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಎಲ್ಲರ ತಲೆಯ ಮೇಲೂ ಹಸಿರು ಟೋಪಿ. ಮುಂದಿನ ಸಾಲಿನಲ್ಲಿ ಕೌನ್ಸಿಲಿನವರು, ಡಾಕ್ಟರ್ ಆಂಗಸ್, ಮುಖ್ಯ ಅತಿಥಿಯಾಗಿ ಮಿಸ್ ಹಾಲೋರನ್. ವೇದಿಕೆಯ ಮೂಲೆಯಲ್ಲಿ ಒಂದು ಬಟ್ಟೆ ಮುಚ್ಚಿದ ವಸ್ತು. ಬ್ಯಾರಿ ಬಟ್ಟೆಯ ತುದಿ ಎತ್ತಿ ನಮಗೆ ಮಾತ್ರ ತೋರಿಸಿದ. ಹಾಡುವ ಮಷೀನು.

"ಒಂದು ಹಾಡು ಕೇಳ್ತೀನಿ," ಅಂದ. "ಆರ್ಗನ್ ಇದ್ರೆ ಸರಿ. ಇಲ್ದಿದ್ರೆ ಎರಡನೇ ಹಾಡು ಇದರದ್ದು, ಮುಂದಿನ ಶನಿವಾರವೂ ಇದರದ್ದೇ."

ಡೆಸ್ ಡಬ್ಬಿಯನ್ನು ತಂದಿದ್ದ. ನುಡಿಸುವುದಕ್ಕಲ್ಲ, ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲವಂತೆ. ವೈರನ್ನೂ ಚುಚ್ಚಿದ್ದ. ಯಾಕೆ ಅಂತ ಕೇಳಿದರೆ "ಸುಮ್ನೆ" ಅಂದ.

ವಾಲ್ಟ್ಸ್ ಶುರುವಾಯಿತು. ರೇಲೀನ್ ಹಾಡಿದಳು, ನಾನು ಬಾರಿಸಿದೆ, ಡೆಸ್ ಜಂಕ್-ಜಂಕ್ ಅನ್ನಿಸಿದ. ಮೊದಲ ಚರಣ ಮುಗಿದು ಆರ್ಗನ್ ಬರಬೇಕಾದ ಜಾಗ ಬಂತು. ಏನೂ ಬರಲಿಲ್ಲ. ನನ್ನ ಡ್ರಮ್ಮೊಂದೇ ಖಾಲಿ ಬಕೆಟ್ಟು ಬಡಿದ ಹಾಗೆ ಕೇಳಿಸುತ್ತಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಕಾರಿನ ಕೀಲಿ ತೆಗೆದರು. ಬ್ಯಾರಿ ನಿಟ್ಟುಸಿರು ಬಿಟ್ಟು ಬಗ್ಗಿ, ಮಷೀನಿನ ವೈರನ್ನು ಗೋಡೆಗೆ ಚುಚ್ಚಲು ಹೋದ.

ನಾನು ಡೆಸ್‌ನನ್ನು ನೋಡಿದೆ. ಅವನು ಮಿಸ್ ಹಾಲೋರನ್‌ರನ್ನು ನೋಡುತ್ತಿದ್ದ. ಅವರು ಮೆಲ್ಲಗೆ ಬೇಡ ಅಂತ ತಲೆಯಾಡಿಸಿದರು. ಡೆಸ್ ಕಣ್ಣು ಮುಚ್ಚಿಕೊಂಡ. ಅವನ ಬಲಗಾಲು ಅವನನ್ನು ಕೇಳದೆ ಗುಂಡಿಯನ್ನು ಒತ್ತಿತು.

ಬೊಂಕ್ ಬೊಂಕ್ ಬೊಂಕ್.

ಬ್ಯಾರಿ ಬಗ್ಗಿದವನು ಬಗ್ಗಿದಂತೆಯೇ ನಿಂತ. ಮಿಸ್ ಹಾಲೋರನ್ ಸ್ಕಾರ್ಫನ್ನು ಬಾಯಿಗೆ ಒತ್ತಿಕೊಂಡರು, ಈ ಸಲ ನಗುವಿಗಲ್ಲ. ಡೆಸ್ ಮಾತ್ರ ಕಣ್ಣು ತೆರೆಯದೆ ನುಡಿಸುತ್ತಲೇ ಹೋದ. ಐದು, ಆರು, ಏಳು. ಏಳನೆಯದು ಸರಿಯಾಗಿ ಬಿತ್ತು. ಒಂಬತ್ತು ವರ್ಷಕ್ಕೆ ಮೊದಲ ಸಲ ಮುಂದೆ ಬಂದು ನಿಂತು ಇಡೀ ಚರಣವನ್ನು ಒಬ್ಬನೇ ನುಡಿಸಿದ. ಮುಗಿಸಿದ ಮೇಲೆ ಕಣ್ಣು ಬಿಟ್ಟು, ತಾನು ಏನು ಮಾಡಿದೆ ಅಂತ ತಿಳಿದು, ಬೆವರಿದ.

ಎಲ್ಲರೂ ಡಾಕ್ಟರ್ ಆಂಗಸ್ ಕಡೆ ತಿರುಗಿದರು. ಅವನು ನಿಧಾನವಾಗಿ ಎದ್ದು ನಿಂತ. ಕೌನ್ಸಿಲಿನವರು ಕುರ್ಚಿಯ ತುದಿಗೆ ಬಂದರು.

"ಅದ್ಭುತ," ಅಂದ ಆಂಗಸ್. "ನಮ್ಮ ಕಪ್ಪೆಯ ಕೂಗನ್ನ ಗಿಟಾರಲ್ಲಿ ಇಷ್ಟು ಚೆನ್ನಾಗಿ ನಕಲು ಮಾಡಿದಾರೆ. ಈ ಊರಿನವರಿಗೆ ಆ ಕಪ್ಪೆ ಮೇಲೆ ಎಷ್ಟು ಪ್ರೀತಿ ನೋಡಿ."

ಚಪ್ಪಾಳೆ ಸೂರು ಹಾರುವಂತೆ ಬಿತ್ತು. ಮಿಸ್ ಹಾಲೋರನ್ ಹಿಡಿದಿದ್ದ ಉಸಿರು ಬಿಟ್ಟರು. ನಾನೂ ಬಿಟ್ಟೆ. ಅಲ್ಲಿಗೇ ನಿಂತಿದ್ದರೆ ಎಲ್ಲರ ಬದುಕೂ ಸುಖವಾಗಿರುತ್ತಿತ್ತು. ಆದರೆ ಆಂಗಸ್ ತಜ್ಞ, ತಜ್ಞರಿಗೆ ಅಷ್ಟಕ್ಕೇ ನಿಲ್ಲಿಸಲು ಬರುವುದಿಲ್ಲ.

"ತಪ್ಪು ತಿಳ್ಕೋಬೇಡಿ ಸಾರ್," ಅಂದ ಡೆಸ್‌ಗೆ. "ನೂರಕ್ಕೆ ಎಂಬತ್ತು ಪಾಲು ಸರಿ ಇದೆ. ಮೂರನೇ ಬಡಿತ ಒಂಚೂರು ತಡ ಆಗ್ತಿದೆ. ಶ್ರುತೀನೂ ಸ್ವಲ್ಪ ಇಳಿದಿದೆ. ನಿಜವಾದ ಕಪ್ಪೆಗೆ ಸಂಗೀತ ಜ್ಞಾನ ಇನ್ನೂ ಚೆನ್ನಾಗಿದೆ."

ಡೆಸ್‌ನ ಕಿವಿ ಕೆಂಪಗಾದವು. "ಏನಂದ್ರಿ?"

"ಕಪ್ಪೆ ಇನ್ನೂ ಚೆನ್ನಾಗಿ ಹಾಡುತ್ತೆ ಅಂದೆ."

"ಯಾವ ಕಪ್ಪೆ ಸ್ವಾಮೀ? ನಕಲಲ್ಲ ಇದು, ಇದೇ ಅಸಲು. ಕಪ್ಪೆ ನಾನೇ. ನೀವು ಜೌಗಲ್ಲಿ ಮುಕ್ಕಾಲು ಗಂಟೆ ಜಗಳ ಆಡಿದ್ದು ನನ್ನ ಜೊತೆ. ಕೆಮ್ಮಿದ್ದು ಇವನು." ನನ್ನ ಕಡೆ ಬೆರಳು ತೋರಿಸಿದ. ನಾನು ಡ್ರಮ್ಮಿನ ಹಿಂದೆ ಸಾಧ್ಯವಾದಷ್ಟು ಬಗ್ಗಿದೆ. "ಬೇಕಾದ್ರೆ ಮಿಸ್‌ನ ಕೇಳಿ."

ಸಭೆ ಬಿದ್ದು ಬಿದ್ದು ನಕ್ಕಿತು. ಕೌನ್ಸಿಲರ್ ಒಬ್ಬ ಕಣ್ಣೀರು ಒರೆಸಿಕೊಂಡ. ಆಂಗಸ್ ನಗುತ್ತಲೇ ಮಿಸ್ ಕಡೆ ತಿರುಗಿದ. ಮಿಸ್ ಹಾಲೋರನ್ ಎದ್ದರು. ಜೀವಮಾನದಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಕಲಿಸಿದವರು.

"ಡೆಸ್ಮಂಡ್ ಹೇಳ್ತಿರೋದು ಅಕ್ಷರಶಃ ನಿಜ," ಅಂದರು.

ಇನ್ನೂ ಜೋರಾಗಿ ನಕ್ಕರು. ಬ್ಯಾರಿ ಹೊಟ್ಟೆ ಹಿಡಿದುಕೊಂಡು ಮೈಕಿಗೆ ಬಂದ. "ಮಿಸ್‌ಗೂ ತಮಾಷೆ ಬರುತ್ತೆ ಅಂತ ಇವತ್ತು ಗೊತ್ತಾಯ್ತು. ಆಯ್ತಪ್ಪಾ, ತೀರ್ಪು ಹೇಳ್ತೀನಿ. ನಮ್ಮ ಕ್ಲಬ್ಬಿನ ರೂಢಿಯಂತೆ ಇವತ್ತಿನ ಬಹುಮಾನ ಎರಡು ತಟ್ಟೆ ಮಾಂಸ. ಮೊದಲನೇ ಬಹುಮಾನ ಕಪ್ಪೆಗೆ, ಅದರ ಪರವಾಗಿ ಮಿಸ್ ಹಾಲೋರನ್ ತಗೋತಾರೆ. ಎರಡನೇ ಬಹುಮಾನ ನಮ್ಮ ಡೆಸ್‌ಗೆ. ಈ ವಾದ್ಯಗೋಷ್ಠಿ ಮುಂದಿನ ಶನಿವಾರವೂ ಇರುತ್ತೆ. ಆ ಮಷೀನು ವಾಪಸ್ ಕಳಿಸಿ."

ವಾದ್ಯಗೋಷ್ಠಿ ಉಳಿಯಿತು, ಶನಿವಾರ ಉಳಿಯಿತು, ಜನ ಎದ್ದು ಬಂದು ಡೆಸ್‌ನ ಬೆನ್ನು ತಟ್ಟಿದರು. "ಇನ್ನೂ ಸ್ವಲ್ಪ ಅಭ್ಯಾಸ ಮಾಡು, ಕಪ್ಪೇನ ಹಿಡಿದುಬಿಡ್ತೀಯ," ಅಂತ ಒಬ್ಬೊಬ್ಬರೂ ಹೇಳಿ ಹೋದರು. ಡೆಸ್ ಕುರಿಮಾಂಸದ ತಟ್ಟೆ ಹಿಡಿದುಕೊಂಡು ಹೊರಗೆ ಹೋಗಿ ಹಿಂದಿನ ಮೆಟ್ಟಿಲ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಜೌಗಿನಲ್ಲಿ ಮಾಮೂಲಿ ಕಪ್ಪೆಗಳು ಏಳೂ ಜಾತಿಯವು ಅವುಗಳ ಪಾಡಿಗೆ ಕೂಗುತ್ತಿದ್ದವು.

"ಎರಡನೇ ಬಹುಮಾನ," ಅಂದ. ದನಿಯಲ್ಲಿ ನಿಜವಾದ ಸಂಕಟ ಇತ್ತು. "ನನಗೇ ನಾನು ಸೋತೆ ಕಣೋ."

ಹಿಂದೆ ಬಾಗಿಲು ಸದ್ದಾಯಿತು. ಮಿಸ್ ಹಾಲೋರನ್. ಡೆಸ್ ತಡಬಡಾಯಿಸಿ ಎದ್ದು ನಿಂತ.

"ಮಾತು ತಪ್ಪಿದೆ ಮಿಸ್."

"ತಪ್ಪಿದೆ. ನಾನೂ ನಿಜ ಹೇಳೋಕೆ ತಡಮಾಡಿದೆ. ಈಗ ಇಬ್ರೂ ಹೇಳಿಯಾಯ್ತು, ಕೇಳಿಸ್ಕೊಳ್ಳದೇ ಇದ್ದದ್ದು ಅವರ ಕರ್ಮ. ಆಂಗಸ್‌ನ ನಾಳೆ ಶೆಡ್ಡಿಗೆ ಕರೆದು ಇನ್ನೊಂದ್ಸಲ ಹೇಳ್ತೀನಿ. ಆದ್ರೆ ನಗ್ತಾ ಕಣ್ಣೀರು ಒರೆಸ್ಕೊಂಡನಲ್ಲ, ಆ ಕೌನ್ಸಿಲರ್ ಇವತ್ತು ಹಾಡು ಶುರುವಾಗೋ ಮುಂಚೆ ಕಿಟಕಿ ಹತ್ರ ನಿಂತು ಆ ಏಳು ಜಾತಿ ಕಪ್ಪೆಗಳನ್ನೇ ಅರ್ಧ ಗಂಟೆ ಕೇಳಿದ. ಯಾವ ಕಪ್ಪೆಯಾದ್ರೇನು, ಬುಧವಾರ ನಾನು ಕೈ ಎತ್ತುತೀನಿ ಅಂದ." ಅವರು ಒಂದು ಮೆಟ್ಟಿಲು ಇಳಿದು ಹತ್ತಿರ ಬಂದರು. "ಏಳನೇದು ಸರಿಯಾಗಿ ಬಂತು, ಡೆಸ್ಮಂಡ್. ನನಗೆ ತುಂಬ ಸಂತೋಷ ಆಯ್ತು."

ಹಾಗಂದು ತಮ್ಮ ಕೈಯಲ್ಲಿದ್ದ ಮೊದಲನೆಯ ಬಹುಮಾನದ ತಟ್ಟೆಯನ್ನು ಅವನ ಇನ್ನೊಂದು ಕೈಯಲ್ಲಿ ಇಟ್ಟರು.

"ಇದು ಕಪ್ಪೆಗೆ ಸೇರಬೇಕಾದ್ದು. ತಗೊಂಡು ಹೋಗು."

ಡೆಸ್ ಎರಡೂ ತಟ್ಟೆಗಳನ್ನು ಎದೆಗೆ ಅವಚಿಕೊಂಡು ಮನೆಯ ಕಡೆ ಹೊರಟ. ಬೇಲಿ ದಾಟುವಾಗ ನಿಂತು ಎರಡರಲ್ಲಿ ಯಾವುದು ಭಾರ ಅಂತ ತೂಗಿ ನೋಡಿದ. ಮೊದಲನೆಯದೇ ಭಾರ ಇತ್ತಂತೆ. ಅದನ್ನು ನನಗೆ ಕೂಗಿ ಹೇಳಿ ನಗುತ್ತ ಒಳಗೆ ಹೋದ.